ಕ್ಯಾಮೆರಾಕ್ಕೆ ಕಾಸಿತ್ತು

ಕೇಂದ್ರ ಸರ್ಕಾರದ ಕಾಗದವನ್ನು ನಂಬುವುದಾದರೆ ನಿಮ್ಮೂರಿನ ಸರ್ಕಾರಿ ಹೈಸ್ಕೂಲಿನಲ್ಲಿ ಇಬ್ಬರು ರಾಯಭಾರಿಗಳಿರಬೇಕು. ಪೂರ್ತಿ ಬಿರುದು ‘ಆರೋಗ್ಯ ಮತ್ತು ಕ್ಷೇಮ ರಾಯಭಾರಿ’. 2020ರ ಫೆಬ್ರವರಿಯಲ್ಲಿ ಆಯುಷ್ಮಾನ್ ಭಾರತದ ಹೆಸರಲ್ಲಿ ಶುರುವಾದ ಶಾಲಾ ಆರೋಗ್ಯ ಕಾರ್ಯಕ್ರಮದ ಪ್ರಕಾರ ಶಾಲೆಗೆ ಇಬ್ಬರು ಶಿಕ್ಷಕರು, ಸಾಧ್ಯವಾದರೆ ಒಬ್ಬರು ಗಂಡು, ಒಬ್ಬರು ಹೆಣ್ಣು. ವಾರಕ್ಕೆ ಒಂದು ಗಂಟೆ. ಒಟ್ಟು ಹನ್ನೊಂದು ವಿಷಯ. ಆಹಾರ, ಮಾದಕ ವಸ್ತು, ಇಂಟರ್‌ನೆಟ್ ಬಳಕೆ ಎಂದೆಲ್ಲ ಪಟ್ಟಿ ಹೋಗುತ್ತದೆ. ಅದರಲ್ಲೊಂದು ಮಾನಸಿಕ ಆರೋಗ್ಯ.

ಹೋಗಿ ಆ ರಾಯಭಾರಿಯನ್ನು ಹುಡುಕಿ. ಸಿಕ್ಕಿದರೆ ಅವರು ಗಣಿತದ ಮೇಷ್ಟ್ರಾಗಿರುತ್ತಾರೆ, ಇಲ್ಲವೇ ಹಿಂದಿ ಟೀಚರ್. ಬೆಳಿಗ್ಗೆ ಹಾಲಿನ ಪುಡಿಯ ಲೆಕ್ಕ, ಮಧ್ಯಾಹ್ನ ಬಿಸಿಯೂಟದ ರುಚಿ ನೋಡಿ ಸಹಿ, ಮೊಟ್ಟೆ-ಬಾಳೆಹಣ್ಣಿನ ಪಟ್ಟಿ, ಸಂಜೆ ಮಕ್ಕಳ ಮಾಹಿತಿ ತುಂಬುವ ಸ್ಯಾಟ್ಸ್‌ಗೆ ಎಂಟ್ರಿ, ಚುನಾವಣೆ ಬಂದರೆ ಮತಗಟ್ಟೆ ಕೆಲಸ. 2025ರ ಸೆಪ್ಟೆಂಬರ್ 22ರಿಂದ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ನಡೆದಾಗ ಮನೆಮನೆ ತಿರುಗಿದವರೂ ಇವರೇ. ಅದು ಮುಗಿಯಲೆಂದು ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಇಷ್ಟರ ನಡುವೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎರಡು ವಾರದಿಂದ ಊಟದ ತಟ್ಟೆ ಮುಂದೆ ಸುಮ್ಮನೆ ಕೂತಿರುತ್ತಾಳೆ ಎಂಬುದನ್ನು ಇವರೇ ಗಮನಿಸಬೇಕು. ಇವರೇ ಕರೆದು ಮಾತಾಡಿಸಬೇಕು, ಇವರೇ ಅವಳ ಗುಟ್ಟು ಕಾಯಬೇಕು. ಮಾರನೇ ದಿನ ಇವರೇ ಅವಳ ಬೀಜಗಣಿತದ ಉತ್ತರ ಪತ್ರಿಕೆಯನ್ನು ಎತ್ತಿಹಿಡಿದು, ‘ನೋಡ್ರೋ, ಎಂಬತ್ತಕ್ಕೆ ಎಂಟು’ ಅನ್ನಬೇಕು.

ಈ ಏರ್ಪಾಡು ಕೆಲಸ ಮಾಡೀತೇ ಎಂದು ಅನುಮಾನ ಪಡುವ ಕಾಲ ಮುಗಿದಿದೆ. ಕೆಲಸ ಮಾಡುವುದಿಲ್ಲ ಎಂದು ಇದೇ ದೇಶದಲ್ಲಿ, ಸರ್ಕಾರಿ ಶಾಲೆಗಳಲ್ಲೇ ನೋಡಿ ಆಗಿದೆ. ಬಿಹಾರದ ನಳಂದ ಜಿಲ್ಲೆಯಲ್ಲಿ ಗೋವಾ ಮೂಲದ ‘ಸಂಗಾತ್’ ಸಂಸ್ಥೆ 74 ಪ್ರೌಢಶಾಲೆಗಳನ್ನು ಮೂರು ಪಾಲು ಮಾಡಿ ಒಂದು ಪ್ರಯೋಗ ನಡೆಸಿತು. ಹೆಸರು ‘ಸೆಹೆರ್’. ಒಂದು ಪಾಲಿನ ಶಾಲೆಗಳಿಗೆ ತರಬೇತಿ ಪಡೆದ ಒಬ್ಬೊಬ್ಬ ಆಪ್ತಸಮಾಲೋಚಕರನ್ನು ಕೊಟ್ಟರು. ಅವರು ಮನೋವೈದ್ಯರಲ್ಲ, ಮನಶ್ಶಾಸ್ತ್ರದ ಪಂಡಿತರೂ ಅಲ್ಲ. ಬೇರೆ ಯಾವ ಕೆಲಸವನ್ನೂ ಹೊರಿಸದೆ ಇದಕ್ಕೆಂದೇ ನೇಮಿಸಿದ ಸಾಮಾನ್ಯ ಜನ. ಎರಡನೇ ಪಾಲಿನಲ್ಲಿ ಅದೇ ಕೆಲಸವನ್ನು, ಅದೇ ಕೈಪಿಡಿಯನ್ನು ಶಾಲೆಯ ಶಿಕ್ಷಕರೊಬ್ಬರ ಕೈಗೆ ಕೊಟ್ಟರು. ಮೂರನೇ ಪಾಲು ಇದ್ದ ಹಾಗೇ ಇತ್ತು. ಮಕ್ಕಳು ಹೆಸರು ಹಾಕದೆ ಚೀಟಿ ಬರೆದು ಹಾಕಲು ಒಂದು ಪೆಟ್ಟಿಗೆ, ಗೋಡೆ ಪತ್ರಿಕೆ, ಮಕ್ಕಳೂ ಇರುವ ಸಮಿತಿ, ಬೇಕಾದವರಿಗೆ ಪ್ರತ್ಯೇಕವಾಗಿ ಕೂತು ಮಾತಾಡುವ ಅವಕಾಶ. ಇಷ್ಟೇ ಸರಂಜಾಮು.

ಫಲಿತಾಂಶ 2018ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಆಪ್ತಸಮಾಲೋಚಕರಿದ್ದ ಶಾಲೆಗಳಲ್ಲಿ ಮಕ್ಕಳ ಖಿನ್ನತೆ ತಗ್ಗಿತ್ತು, ಒಬ್ಬರನ್ನೊಬ್ಬರು ಪೀಡಿಸುವುದು ತಗ್ಗಿತ್ತು, ಹೊಡೆತ-ಬಡಿತ ತಗ್ಗಿತ್ತು, ಶಾಲೆಯ ವಾತಾವರಣವೇ ಬದಲಾಗಿತ್ತು. ಶಿಕ್ಷಕರಿಗೆ ವಹಿಸಿದ ಶಾಲೆಗಳಲ್ಲಿ? ಏನೂ ಇಲ್ಲ. ಇದ್ದ ಹಾಗೇ ಬಿಟ್ಟ ಶಾಲೆಗಳಿಗೂ ಇವಕ್ಕೂ ವ್ಯತ್ಯಾಸವೇ ಕಾಣಲಿಲ್ಲ.

2018ರಲ್ಲಿ ಇದು ಅಚ್ಚಾಯಿತು. 2020ರಲ್ಲಿ ದೇಶಕ್ಕೆ ದೇಶವೇ ಯಾವ ದಾರಿ ಹಿಡಿಯಿತು? ಫಲ ಕೊಡದ ಎರಡನೇ ದಾರಿಯನ್ನು. ಯಾಕೆಂದರೆ ಮೊದಲನೆಯದಕ್ಕೆ ಸಂಬಳ ಕೊಡಬೇಕು, ಎರಡನೆಯದಕ್ಕೆ ಬ್ಯಾಡ್ಜು ಸಾಕು. ಗೊತ್ತಿಲ್ಲದೆ ಆದ ತಪ್ಪಾಗಿದ್ದರೆ ಕ್ಷಮಿಸಬಹುದಿತ್ತು. ಇದು ಗೊತ್ತಿದ್ದೂ ಅಗ್ಗದ್ದನ್ನು ಆರಿಸಿಕೊಂಡ ಅಸಡ್ಡೆ.

ಶಿಕ್ಷಕರ ಮೇಲೆ ಕಲ್ಲೆಸೆಯಲು ಇದನ್ನು ಹೇಳುತ್ತಿಲ್ಲ. ನಮ್ಮ ನಿಮ್ಹಾನ್ಸ್‌ನವರೇ ಕರ್ನಾಟಕದ ಪ್ರೌಢಶಾಲೆಗಳಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟು ಜೀವನಕೌಶಲದ ತರಗತಿ ನಡೆಸಿ, ಮಕ್ಕಳಲ್ಲಿ ಆತ್ಮವಿಶ್ವಾಸವೂ ಕಷ್ಟ ಎದುರಿಸುವ ಶಕ್ತಿಯೂ ಹೆಚ್ಚುತ್ತದೆ ಎಂದು 2010ರಷ್ಟು ಹಿಂದೆಯೇ ಪ್ರಕಟಿಸಿದ್ದಾರೆ. ತರಗತಿಗೆ ಕಲಿಸುವುದು ಮೇಷ್ಟ್ರಿಗೆ ಬರುತ್ತದೆ. ಆದರೆ ಮುರಿದು ಕೂತ ಒಂದು ಮಗುವಿಗೆ ತಿಂಗಳುಗಟ್ಟಲೆ ಕಿವಿ ಕೊಡುವುದು ಬೇರೆಯೇ ಕೆಲಸ. ಅಂಕ ಹಾಕುವ ಕೈಗೇ, ಬೆತ್ತ ಹಿಡಿದ ಕೈಗೇ ಯಾವ ಮಗು ತನ್ನ ಮನೆಯ ಗುಟ್ಟು ಒಪ್ಪಿಸುತ್ತದೆ? ಅಪ್ಪ ಕುಡಿದು ಬಂದು ಅಮ್ಮನಿಗೆ ಹೊಡೆಯುತ್ತಾನೆ ಅನ್ನುವುದನ್ನು, ಮಾವನ ಮಗ ಸುಮ್ಮನಿರುವುದಿಲ್ಲ ಅನ್ನುವುದನ್ನು ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತು ಹೇಳಲಾಗುತ್ತದೆಯೇ?

ಇನ್ನು ನಮ್ಮ ರಾಜ್ಯದ ವೈಭವ ಕೇಳಿ. ದೇಶದ ಮಾನಸಿಕ ಆರೋಗ್ಯದ ರಾಜಧಾನಿ ಅಂತ ಒಂದಿದ್ದರೆ ಅದು ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂದು ಇಂದು ಇಡೀ ಭಾರತದಲ್ಲಿ ನಡೆಯುವುದು ಹುಟ್ಟಿದ್ದು ನಮ್ಮ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ. ‘ಬಳ್ಳಾರಿ ಮಾದರಿ’ ಎಂದೇ ಅದಕ್ಕೆ ಹೆಸರು. 2014ರಿಂದ ‘ಮನೋಚೈತನ್ಯ’ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ಮಾಡಿದೆವು. ಹದಿಹರೆಯದವರಿಗೆ ‘ಸ್ನೇಹ ಕ್ಲಿನಿಕ್’ ಅಂತ ಬೋರ್ಡು ತೂಗುಹಾಕಿದೆವು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸಹಾಯವಾಣಿಗೂ, 14416ಕ್ಕೂ, ನಿಮ್ಹಾನ್ಸೇ ಮುಖ್ಯ ಕೇಂದ್ರ.

ಒಳ್ಳೆಯದು. ಆ ನಂಬರು ನಿಮ್ಮ ಫೋನಿನಲ್ಲೂ ಇರಲಿ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಆದರೆ ಹಾಸ್ಟೆಲ್ಲಿನ ಹುಡುಗಿಯ ಕೈಯಲ್ಲಿ ಫೋನಿಲ್ಲ. ಮೊಬೈಲ್ ಸಿಕ್ಕಿದರೆ ವಾರ್ಡನ್ ಕಿತ್ತಿಟ್ಟುಕೊಳ್ಳುತ್ತಾರೆ. ಮನೆಯಲ್ಲಿರುವ ಒಂದೇ ಫೋನು ಅಣ್ಣನ ಜೇಬಿನಲ್ಲಿದೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕೆಂದರೆ ಅಮ್ಮ ಒಂದು ದಿನದ ಕೂಲಿ ಬಿಡಬೇಕು. ಬಿಟ್ಟು ಹೋದರೂ ‘ಯಾರದ್ದಾದರೂ ಕಣ್ಣಿಗೆ ಬಿದ್ದರೆ ನಾಳೆ ಈ ಹುಡುಗೀನ ಯಾರು ಮದುವೆ ಆಗ್ತಾರೆ’ ಅನ್ನುವ ಅಜ್ಜಿ ಬಾಗಿಲಲ್ಲೇ ಕೂತಿದ್ದಾಳೆ. ಧಾರವಾಡ ಅಂದರೆ ಪೇಡೆಗಿಂತ ಮುಂಚೆ ಹುಚ್ಚಾಸ್ಪತ್ರೆ ನೆನಪಾಗುವ ಊರುಗಳು ನಮ್ಮವು. ಆಸ್ಪತ್ರೆ ಇದೆ, ಡಾಕ್ಟರಿದ್ದಾರೆ, ಸಹಾಯವಾಣಿ ಇದೆ, ಕಾಯಿದೆ ಇದೆ. ಮಗುವಿಗೂ ಇವೆಲ್ಲಕ್ಕೂ ನಡುವೆ ನಿಂತು, ‘ಬಾರಮ್ಮ, ಇದು ಇಂಥ ತೊಂದರೆ, ಇದಕ್ಕೆ ಮದ್ದಿದೆ, ನಿನ್ನ ಅಮ್ಮನ ಹತ್ತಿರ ನಾನು ಮಾತಾಡ್ತೀನಿ’ ಅನ್ನುವ ಒಬ್ಬರು ಶಾಲೆಯಲ್ಲಿಲ್ಲ. ಸೇತುವೆಯ ಎರಡೂ ದಡ ಕಟ್ಟಿ ಉದ್ಘಾಟನೆ ಮುಗಿಸಿದ್ದಾರೆ, ನಡುವಿನ ಹಲಗೆ ಹಾಕಿಲ್ಲ.

ಹಾಕದಿದ್ದರೂ ಪರವಾಗಿಲ್ಲ, ನೋವನ್ನು ಉತ್ಪಾದಿಸುವ ಕಾರ್ಖಾನೆಯನ್ನಾದರೂ ನಿಲ್ಲಿಸಬಾರದೇ? 2024ರ ಮಾರ್ಚ್ ತಿಂಗಳನ್ನು ಮರೆತಿದ್ದೀರೇನೋ, ನಾನು ಮರೆತಿಲ್ಲ. ಐದು, ಎಂಟು, ಒಂಬತ್ತನೇ ತರಗತಿಯ ಮಕ್ಕಳಿಗೂ ಬೋರ್ಡ್ ಮಟ್ಟದ ಪರೀಕ್ಷೆ ಮಾಡುತ್ತೇವೆ ಎಂದು ನಮ್ಮ ಸರ್ಕಾರ ಹಟ ಹಿಡಿಯಿತು. ಐದನೇ ತರಗತಿ ಅಂದರೆ ಹತ್ತು ವರ್ಷದ ಮಗು. ಮಾರ್ಚ್ 6ರಂದು ಹೈಕೋರ್ಟಿನ ಏಕಸದಸ್ಯ ಪೀಠ ಪರೀಕ್ಷೆ ರದ್ದು ಮಾಡಿತು. ಮರುದಿನ ವಿಭಾಗೀಯ ಪೀಠ ಅದಕ್ಕೆ ತಡೆ ಕೊಟ್ಟಿತು. 11ರಂದು ಪರೀಕ್ಷೆ ಶುರು. 12ರಂದು ಸುಪ್ರೀಂ ಕೋರ್ಟ್ ಆ ತಡೆಯನ್ನೇ ಕಿತ್ತುಹಾಕಿತು, ಪರೀಕ್ಷೆ ನಡುದಾರಿಯಲ್ಲಿ ನಿಂತಿತು. 22ರಂದು ವಿಭಾಗೀಯ ಪೀಠ ಸರ್ಕಾರದ ಪರ ತೀರ್ಪು ಕೊಟ್ಟಿತು, 25ರಿಂದ ಉಳಿದ ಪರೀಕ್ಷೆ. ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶಕ್ಕೇ ತಡೆ ಹಾಕಿತು. ಹತ್ತು ವರ್ಷದ ಮಗುವನ್ನು ಇಂದು ಓದು, ನಾಳೆ ಬೇಡ, ಮತ್ತೆ ಓದು, ಬರೆದದ್ದು ಲೆಕ್ಕಕ್ಕಿಲ್ಲ ಎಂದು ತಿಂಗಳಿಡೀ ಜಗ್ಗಾಡಿದ ಇಲಾಖೆಯ ಒಬ್ಬನೇ ಒಬ್ಬ ಅಧಿಕಾರಿ ಆ ಮಕ್ಕಳ ಕ್ಷಮೆ ಕೇಳಿದ್ದನ್ನು ನಾನಂತೂ ಓದಲಿಲ್ಲ.

ಅದೇ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂದವು. ನಕಲು ತಡೆಯಬೇಕು, ಒಪ್ಪೋಣ. ಹಿಂದಿನ ವರ್ಷ ಶೇ 83.89 ಇದ್ದ ಉತ್ತೀರ್ಣ ಪ್ರಮಾಣ ಕೃಪಾಂಕ ಸುರಿದ ಮೇಲೂ ಶೇ 73.40ಕ್ಕೆ ಇಳಿಯಿತು. ಉಡುಪಿ ಮೊದಲು, ಯಾದಗಿರಿ ಕೊನೆಗೆ. ಯಾದಗಿರಿಯ ಅರ್ಧಕ್ಕರ್ಧ ಮಕ್ಕಳು ಫೇಲು. ಒಂದೇ ಏಟಿಗೆ ಅಷ್ಟೊಂದು ಹುಡುಗ ಹುಡುಗಿಯರ ಎದೆಗೆ ‘ಫೇಲ್’ ಎಂಬ ಮೊಳೆ ಹೊಡೆಯುವ ದಿನ ಗೊತ್ತಿದ್ದೂ, ಆ ದಿನ ಅವರ ಪಕ್ಕದಲ್ಲಿ ನಿಲ್ಲಲು ಶಾಲೆಯಲ್ಲಿ ಯಾರಿದ್ದರು? ಯಾರೂ ಇರಲಿಲ್ಲ, ಬೇಸಿಗೆ ರಜೆ. ಪರೀಕ್ಷೆ ಬರೆಯುವ ಮಗುವಿನ ಕೈಯ ಮೇಲೆ ಕಣ್ಣಿಡಲು ಕ್ಯಾಮೆರಾಕ್ಕೆ ಕಾಸಿತ್ತು. ಆ ಮಗುವಿನ ಮುಖ ನೋಡಲು ಒಬ್ಬ ಮನುಷ್ಯನಿಗೆ ಕಾಸಿಲ್ಲ.

ಫಲಿತಾಂಶ ಕುಸಿದರೆ ಮೇಲಿಂದ ಕೆಳಗೆ ಬೈಗುಳದ ಮೆರವಣಿಗೆ ಹೊರಡುತ್ತದೆ. ಸಚಿವರು ಡಿಡಿಪಿಐಗೆ, ಡಿಡಿಪಿಐ ಬಿಇಒಗೆ, ಬಿಇಒ ಹೆಡ್‌ಮಾಸ್ಟರಿಗೆ ನೋಟಿಸು, ಹೆಡ್‌ಮಾಸ್ಟರು ಶಿಕ್ಷಕರಿಗೆ. ಶಿಕ್ಷಕರ ಕೆಳಗೆ ಇನ್ನು ಯಾರಿದ್ದಾರೆ? ಹತ್ತನೇ ತರಗತಿಯ ಕೊನೆಯ ಬೆಂಚು. ಬೆಳಗಿನ ವಿಶೇಷ ತರಗತಿ, ರಾತ್ರಿಯ ಗುಂಪು ಅಧ್ಯಯನ, ಪಾಸಿಂಗ್ ಪ್ಯಾಕೇಜು, ಮುಂಜಾನೆ ಎದ್ದು ಓದುತ್ತಿದ್ದಾರೋ ಇಲ್ಲವೋ ಎಂದು ಮನೆಗೆ ಫೋನು. ‘ನಿಧಾನ ಕಲಿಕೆಯವರು’ ಎಂದು ಬೇರೆ ಪಟ್ಟಿ, ಬೇರೆ ಸಾಲು. ಆಟದ ಪೀರಿಯಡ್ಡು ಜೂನ್‌ನಲ್ಲಿ ವೇಳಾಪಟ್ಟಿಯಲ್ಲಿರುತ್ತದೆ, ಡಿಸೆಂಬರ್ ಹೊತ್ತಿಗೆ ವಿಜ್ಞಾನದ ಪಾಲಾಗಿರುತ್ತದೆ. ಚಿತ್ರ, ಸಂಗೀತದ ಮಾತು ಬಿಡಿ, ಆ ಹುದ್ದೆಗಳು ಖಾಲಿ ಬಿದ್ದು ಯಾವ ಕಾಲವಾಯಿತೋ. ಖಾಸಗಿಯವರದ್ದು ಇನ್ನೊಂದು ಬಗೆ: ಮೆರಿಟ್ ಹುಡುಗರಿಗೆ ಎ ಸೆಕ್ಷನ್, ಉಳಿದವರಿಗೆ ಡಿ ಸೆಕ್ಷನ್. ಫಲಿತಾಂಶ ಬಂದ ಸಂಜೆ ಸರ್ಕಲ್ಲಿನಲ್ಲಿ ಮೂವತ್ತು ಮುಖಗಳ ಫ್ಲೆಕ್ಸು. ಆ ಫ್ಲೆಕ್ಸಿನ ಕೆಳಗೆ ಬಸ್ಸಿಗೆ ಕಾಯುವ ಹುಡುಗ ತನ್ನ ಮುಖ ಅಲ್ಲಿ ಯಾಕಿಲ್ಲ ಎಂಬುದನ್ನು ದಿನಾ ಓದಿಕೊಳ್ಳಬೇಕು.

ವಸತಿ ಶಾಲೆಗಳ ಕತೆ ಇನ್ನೂ ಕಠಿಣ. ದಲಿತರ, ಹಿಂದುಳಿದವರ ಮಕ್ಕಳು ಹತ್ತು ಹನ್ನೊಂದರ ವಯಸ್ಸಿಗೇ ಮನೆ ಬಿಟ್ಟು ಬಂದು ಕೂರುವ ಜಾಗ ಅದು. ಅಮ್ಮನ ನೆನಪಾಗಿ ರಾತ್ರಿ ಹಾಸಿಗೆ ಒದ್ದೆಯಾದರೆ ಬೆಳಿಗ್ಗೆ ನಗೆಪಾಟಲು. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಮಕ್ಕಳನ್ನೇ ಮಲದ ಗುಂಡಿಗೆ ಇಳಿಸಿದ ಸುದ್ದಿ ರಾಜ್ಯವನ್ನೇ ತಲೆ ತಗ್ಗಿಸುವಂತೆ ಮಾಡಿತು. ಬಂಧನವಾಯಿತು, ಅಮಾನತಾಯಿತು. ಆ ಗುಂಡಿಗೆ ಇಳಿದ ಮಕ್ಕಳ ಒಳಗೆ ಆ ವಾಸನೆ ಎಷ್ಟು ವರ್ಷ ಉಳಿಯುತ್ತದೆ ಎಂದು ಕೇಳುವ ಕೆಲಸವನ್ನು ಯಾವ ಹುದ್ದೆಯ ಕೆಳಗೆ ಬರೆಯಲಾಗಿದೆ? ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ 2009ರಲ್ಲೇ ನಿಷೇಧಿಸಿದೆ. ಹೊಡೆತದ ಬಾಸುಂಡೆಯಾದರೆ ಫೋಟೊ ತೆಗೆಯಬಹುದು. ಎರಡನೆಯದನ್ನು ಕಾಣಲು ನೋಡುವವರು ಬೇಕು.

ಲೆಕ್ಕ ಬೇಕೇ? ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17ರ ವಯಸ್ಸಿನವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಕಂಡುಬಂತು. ಅರವತ್ತು ಮಕ್ಕಳ ಒಂದು ತರಗತಿಯಲ್ಲಿ ನಾಲ್ವರು ಎಂದು ಇಟ್ಟುಕೊಳ್ಳಿ. ಹಾಜರಿ ಕೂಗುವಾಗ ‘ಎಸ್ ಸಾರ್’ ಅಂದು ಕೂತುಬಿಡುವ ನಾಲ್ವರು. ಹೊಟ್ಟೆನೋವು ಅಂತ ವಾರಕ್ಕೆರಡು ದಿನ ಬಾರದವಳು, ಕಾರಣವೇ ಇಲ್ಲದೆ ಜಗಳ ಕಾಯುವವನು, ‘ಮೈಮೇಲೆ ಬರುತ್ತೆ’ ಅಂತ ದೇವಸ್ಥಾನ ಸುತ್ತಿಸುತ್ತಿರುವವಳು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳು 13,044, 2023ರಲ್ಲಿ 13,892. ದಿನಕ್ಕೆ 38. ಪರೀಕ್ಷೆಯೊಂದೇ ಕಾರಣವೆಂದು ಟಿವಿಯವರು ಕೂಗುವಷ್ಟು ಸರಳ ಅಲ್ಲ ಅದು. ಮನೆ, ಕಾಯಿಲೆ, ಸಾಲ, ಅವಮಾನ, ಜಾತಿ ಎಲ್ಲ ಸೇರಿ ಹೆಣೆದುಕೊಂಡಿರುತ್ತವೆ. ಹಾಗಿರುವುದರಿಂದಲೇ ಬಿಡಿಸಿ ನೋಡುವವರು ಬೇಕು. ಸಕಾಲಕ್ಕೆ ಕೈ ಹಿಡಿದರೆ ಇವರಲ್ಲಿ ಬಹಳ ಮಂದಿ ಉಳಿಯುತ್ತಾರೆ, ಓದುತ್ತಾರೆ, ಮದುವೆಯಾಗುತ್ತಾರೆ, ನಮ್ಮ ನಿಮ್ಮ ಹಾಗೆ ರೇಷನ್ ಅಂಗಡಿಯಲ್ಲಿ ಕ್ಯೂ ನಿಲ್ಲುತ್ತಾರೆ.

‘ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ನಾವೇನು ಬದುಕಲಿಲ್ಲವೇ?’ ಎನ್ನುವ ದೊಡ್ಡವರಿದ್ದಾರೆ. ನೀವು ಬದುಕಿದಿರಿ, ಸಂತೋಷ. ನಿಮ್ಮ ಜೊತೆ ಕೂತಿದ್ದು ಏಳನೇ ಕ್ಲಾಸಿಗೇ ಕಾಣೆಯಾದವನು, ಹದಿನೈದಕ್ಕೇ ತಾಳಿ ಕಟ್ಟಿಸಿಕೊಂಡು ಹೋದವಳು, ಊರ ಬಾವಿಯ ಕತೆಯಲ್ಲಿ ಮಾತ್ರ ಉಳಿದವಳು, ಇವರನ್ನೂ ಕರೆದು ಕೂರಿಸಿ ಕೇಳೋಣವೇ?

ಇನ್ನು ನ್ಯಾಯಾಲಯ. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ 17 ವರ್ಷದ ಹುಡುಗಿ ತೀರಿಕೊಂಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ಹದಿನೈದು ನಿರ್ದೇಶನ ಕೊಟ್ಟಿತು. ಸೂಕ್ತ ಕಾನೂನು ಬರುವವರೆಗೆ ಇವೇ ಕಾನೂನು, ಎಲ್ಲ ಶಾಲೆ, ಕಾಲೇಜು, ಕೋಚಿಂಗು, ಹಾಸ್ಟೆಲುಗಳಿಗೂ ಅನ್ವಯ. ನೂರು ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಪ್ರತಿ ಸಂಸ್ಥೆಯೂ ಅರ್ಹತೆಯಿರುವ ಒಬ್ಬ ಆಪ್ತಸಮಾಲೋಚಕರನ್ನೋ ಮನಶ್ಶಾಸ್ತ್ರಜ್ಞರನ್ನೋ ಸಮಾಜ ಕಾರ್ಯಕರ್ತರನ್ನೋ ನೇಮಿಸಬೇಕು. ಸಾಧ್ಯವಾದಷ್ಟು ಮಟ್ಟಿಗೆ ಅಂಕದ ಮೇಲೆ ಮಕ್ಕಳನ್ನು ಬೇರೆ ಬೇರೆ ಬ್ಯಾಚ್ ಮಾಡಬಾರದು, ಎಲ್ಲರೆದುರು ಅವಮಾನಿಸಬಾರದು. ಸಹಾಯವಾಣಿಯ ನಂಬರನ್ನು ತರಗತಿಯಲ್ಲೂ ಹಾಸ್ಟೆಲಿನಲ್ಲೂ ದೊಡ್ಡಕ್ಷರದಲ್ಲಿ ಬರೆಸಬೇಕು. ಜಿಲ್ಲಾಡಳಿತದ ನೇತೃತ್ವದಲ್ಲಿ ಮೇಲುಸ್ತುವಾರಿ ಸಮಿತಿ ಇರಬೇಕು. ಹಾಸ್ಟೆಲ್ ಕೋಣೆಗಳ ಫ್ಯಾನು ಸುರಕ್ಷಿತವಾಗಿರಬೇಕು ಎಂಬುದೂ ಇದೆ.

ಬೇಕಾದರೆ ಪಂಥ ಕಟ್ಟುತ್ತೇನೆ, ಹದಿನೈದರಲ್ಲಿ ಮೊದಲು ಜಾರಿಯಾಗುವುದು ಫ್ಯಾನಿನದ್ದು. ಫ್ಯಾನಿಗೆ ಟೆಂಡರ್ ಕರೆಯಬಹುದು, ಬಿಲ್ ಮಾಡಬಹುದು. ರಾಜಸ್ಥಾನದ ಕೋಚಿಂಗ್ ನಗರಿ ಕೋಟಾದಲ್ಲಿ 2023ರಲ್ಲೇ ಫ್ಯಾನಿಗೆ ಸ್ಪ್ರಿಂಗ್ ಹಾಕಲು ಆದೇಶವಾಗಿತ್ತು; ಬೆಂಗಳೂರಿನ ಐಐಎಸ್‌ಸಿ 2021ರಲ್ಲೇ ಹಾಸ್ಟೆಲ್ಲಿನ ಫ್ಯಾನು ಬಿಚ್ಚಿಸಿತ್ತು. ಅದು ತಪ್ಪಲ್ಲ. ಗಳಿಗೆ ತಪ್ಪಿದರೆ ಜೀವ ಉಳಿಯುತ್ತದೆ, ಮನೋವೈದ್ಯರೂ ಅದನ್ನು ಒಪ್ಪುತ್ತಾರೆ. ಉಳಿದ ಜೀವದ ಜೊತೆ ಮರುದಿನ ಬೆಳಿಗ್ಗೆ ಯಾರು ಮಾತಾಡುತ್ತಾರೆ ಅನ್ನುವುದು ನನ್ನ ತಗಾದೆ.

ದುಡ್ಡಿಲ್ಲ ಎನ್ನುತ್ತಾರೆ. ಮನಶ್ಶಾಸ್ತ್ರ, ಸಮಾಜಕಾರ್ಯ ಓದಿದ ಸಾವಿರಾರು ಹುಡುಗ ಹುಡುಗಿಯರು ಧಾರವಾಡ, ಮೈಸೂರು, ಕಲಬುರಗಿಗಳಿಂದ ವರ್ಷವರ್ಷ ಎಂಎ, ಎಂಎಸ್‌ಡಬ್ಲ್ಯು ಪದವಿ ಹಿಡಿದು ಹೊರಬೀಳುತ್ತಾರೆ. ಬಿದ್ದು ಕಾಲ್‌ಸೆಂಟರಿಗೆ, ಫೈನಾನ್ಸ್ ಕಂಪನಿಯ ಸಾಲ ವಸೂಲಿಗೆ ಹೋಗುತ್ತಾರೆ. ಅವರಿಗೆ ನಿಮ್ಹಾನ್ಸಿನಿಂದಲೋ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸಿನಿಂದಲೋ ತರಬೇತಿ ಕೊಡಿಸಿ, ಮೊದಲು ಯಾದಗಿರಿ, ಕಲಬುರಗಿ, ರಾಯಚೂರಿನ ಹೈಸ್ಕೂಲುಗಳಿಗೆ ಕಳಿಸಿ. ಅತಿಥಿ ಶಿಕ್ಷಕರ ಹಾಗೆ ಹತ್ತು ತಿಂಗಳ ಕೂಲಿಗಲ್ಲ, ಹನ್ನೆರಡು ತಿಂಗಳಿಗೆ. ಏಕೆಂದರೆ ಫಲಿತಾಂಶ ಬರುವುದು ರಜೆಯಲ್ಲಿ. ಅವರಿಗೆ ಬಾಗಿಲು ಮುಚ್ಚಿಕೊಳ್ಳುವ ಒಂದು ಕೋಣೆ ಕೊಡಿ. ಹಾಲಿನ ಪುಡಿಯ ಲೆಕ್ಕ ಕೊಡಬೇಡಿ. ಖಾಲಿ ಪೀರಿಯಡ್ಡಿಗೆ ಇಂಗ್ಲಿಷ್ ಪಾಠ ಮಾಡಿ ಎಂದು ಹೆಡ್‌ಮಾಸ್ಟರು ಕರೆಯಬಾರದೆಂದು ಆದೇಶದಲ್ಲೇ ಬರೆಯಿರಿ, ಇಲ್ಲದಿದ್ದರೆ ಮೊದಲ ವಾರವೇ ಕರೆಯುತ್ತಾರೆ.

ಓದುತ್ತಿರುವ ತಂದೆ ತಾಯಂದಿರೇ, ಇಲಾಖೆ ತಾನಾಗಿ ಎದ್ದು ಬರುವುದಿಲ್ಲ. ಶಾಲೆಯ ಅಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ, ಮುಂದಿನ ಸಭೆಗೆ ಹೋಗಿ. ಗೋಡೆಗೆ ಬಣ್ಣ, ಸ್ವಾತಂತ್ರ್ಯೋತ್ಸವದ ಸಿಹಿ ಎಲ್ಲ ಚರ್ಚೆಯಾಗಲಿ, ಅದಾದ ಮೇಲೆ ಒಂದು ಠರಾವು ಬರೆಸಿ: ‘ನಮ್ಮ ಶಾಲೆಯಲ್ಲಿ ನೂರಕ್ಕೂ ಹೆಚ್ಚು ಮಕ್ಕಳಿದ್ದಾರೆ. 2025ರ ಜುಲೈ 25ರ ಸುಪ್ರೀಂ ಕೋರ್ಟ್ ಆದೇಶದಂತೆ ಇಲ್ಲಿಗೆ ನೇಮಕವಾಗಬೇಕಾದ ಆಪ್ತಸಮಾಲೋಚಕರ ಹೆಸರೇನು? ಅವರು ಕೂರುವ ಕೋಣೆ ಯಾವುದು?’ ಒಂದು ಪ್ರತಿ ಡಿಡಿಪಿಐ ಕಚೇರಿಗೆ, ಇನ್ನೊಂದು ಜಿಲ್ಲಾಧಿಕಾರಿಗೆ. ‘ನೋಡೋಣ ಬಿಡಿ’ ಅನ್ನುತ್ತಾರೆ. ಸ್ವೀಕೃತಿಯ ಮುದ್ರೆ ಬೀಳುವವರೆಗೆ ಕುರ್ಚಿ ಬಿಟ್ಟು ಏಳಬೇಡಿ.